ಪೂಜೆಗಿಟ್ಟ ಕೀಲಿ

ಮಾರ್ತಾಂಡರಾಯರು ಆ ದಿನ ಬೆಳಿಗ್ಗೆ ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬೆಟಗೇರಿಯ ತ್ರಿವೇಣಮ್ಮ ಧರ್ಮಾರ್ಥ ಆಸ್ಪತ್ರೆಯ ಮ್ಯಾನೇಜರಾಗಿ ಅವರು ಎಷ್ಟೋ ಮೀಟಿಂಗು ಕಂಡವರು. ತಮ್ಮ ಕುತ್ತಿಗೆಗೇ ಬರಬಹುದಾದ ಮೀಟಿಂಗು ಮಾತ್ರ ಇದೇ ಮೊದಲು. ಡೋಣಿ ಎಂಬ ಹಳ್ಳಿಯ ಮುದಕಪ್ಪ ಆಸ್ಪತ್ರೆಯಲ್ಲಿ ಸತ್ತದ್ದು ಯಾರ ತಪ್ಪಿನಿಂದ ಎಂದು ಟ್ರಸ್ಟಿನ ಅಧ್ಯಕ್ಷ ಮಹಾದೇವಪ್ಪ ಸಾಹುಕಾರರು ಇವತ್ತು ವಿಚಾರಣೆ ಮಾಡುವವರಿದ್ದರು. ಡಾಕ್ಟರ ತಪ್ಪು ಎಂದಾದರೆ ರಾಯರು ಬದುಕಿದರು. ಅಲ್ಲ ಎಂದಾದರೆ ಮುಂದಿನ ಪ್ರಶ್ನೆ ಜನರೇಟರ್ ಕೋಣೆಯ ಕೀಲಿ ಎಲ್ಲಿತ್ತು ಎಂಬುದೇ.

ಎಲ್ಲಿತ್ತೆಂದು ರಾಯರಿಗೆ ಚೆನ್ನಾಗಿ ಗೊತ್ತು. ಅವರ ಮನೆಯ ದೇವರ ಕೋಣೆಯಲ್ಲಿ, ದೇವಿಯ ಪಾದದ ಹತ್ತಿರ ಇತ್ತು.

ಮುದಕಪ್ಪ ಸತ್ತದ್ದು ಖಂಡೇಪೂಜೆಯ ದಿನ. ಆಯುಧಗಳಿಗೆ ಪೂಜೆ ನಡೆಯುವ ಆ ದಿನ ಅವರವರ ಆಯುಧ ಅವರವರಿಗೆ ದೊಡ್ಡದು. ಒಕ್ಕಲುತನದವರು ಕುಡಗೋಲು, ಕೂರಿಗೆ ಇಡುತ್ತಾರೆ, ಅಂಗಡಿಯವರು ತಕ್ಕಡಿ ಇಡುತ್ತಾರೆ. ರಾಯರ ಆಯುಧ ಕೀಲಿಗೊಂಚಲು. ಡೀಸೆಲ್ ಕಳುವಾಗುತ್ತದೆಂದು ಜನರೇಟರ್ ಕೋಣೆಗೆ ಇದ್ದ ಒಂದೇ ಕೀಲಿಯನ್ನು ಅವರು ದಿನಾ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಒಯ್ಯುತ್ತಿದ್ದರು. ತಾಯಿ ಜಾನಕೀಬಾಯಿ ಆ ಗೊಂಚಲನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆಗಿಟ್ಟಿದ್ದರು. ಮಗನ ಮೊಬೈಲನ್ನೂ ಬಂದ್ ಮಾಡಿ ಪಕ್ಕದಲ್ಲೇ ಕೂಡಿಸಿದ್ದರು. ಹಾಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಕದಲಿಸುವಂತಿಲ್ಲ. ಆ ಮನೆಯಲ್ಲಿ ಅದು ಕಟ್ಟುನಿಟ್ಟು.

ಆಸ್ಪತ್ರೆಯಲ್ಲೂ ಭಕ್ತಿಗೆ ಬರವಿರಲಿಲ್ಲ. ಆಕ್ಸಿಜನ್ ಸಿಲಿಂಡರುಗಳಿಗೆ ವಿಭೂತಿ ಬಳಿದು ಮಾರುದ್ದದ ಹಾರ ಹಾಕಿದ್ದರು. ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡುವ ಪುರಸೊತ್ತು ಯಾರಿಗೂ ಆಗಲಿಲ್ಲ. ಡಾಕ್ಟರುಗಳು ಹಬ್ಬಕ್ಕೆಂದು ಊರಿಗೆ ಹೋಗಿದ್ದರು, ಒಬ್ಬರನ್ನು ಬಿಟ್ಟು. ಸಂಜೆ ಕರೆಂಟು ಹೋಯಿತು. ದಮ್ಮಿನಿಂದ ಒದ್ದಾಡುತ್ತಿದ್ದ ಮುದಕಪ್ಪನಿಗೆ ಹಚ್ಚಿದ್ದ ಮಶೀನು ನಿಂತಿತು. ಇದ್ದ ಒಬ್ಬ ಡಾಕ್ಟರು ರಬ್ಬರಿನ ಗಾಳಿಚೀಲವನ್ನು ಕೈಯಿಂದ ಒತ್ತುತ್ತ ಕೂತರು. ಜನರೇಟರ್ ನೋಡಿಕೊಳ್ಳುವ ಮೌಲಾಸಾಬ ಹಾರೆ ತಂದು ಬೀಗ ಮುರಿಯುವಷ್ಟರಲ್ಲಿ ಮುದಕಪ್ಪನ ಉಸಿರು ನಿಂತಿತ್ತು.

ಕರೆಂಟು ಹೋದ ಹೊತ್ತಿನಲ್ಲೇ ರಾಯರ ಮನೆಯ ಬಾಗಿಲಿಗೆ ಯಾವಳೋ ಹಳ್ಳಿಯ ಹೆಂಗಸು ಕೀಲಿ ಕೇಳಲು ಬಂದಿದ್ದಳು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ರಾಯರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಎಲೆಗೆ ಬಗ್ಗಿದ್ದರು. ಹಬ್ಬದ ಗದ್ದಲದಲ್ಲಿ ಬಂದುಹೋದವಳನ್ನು ಯಾರು ಹುಡುಕುತ್ತಾರೆ ಎಂಬುದೇ ಈಗ ಅವರ ಧೈರ್ಯ.

ಇನ್ನೊಂದು ಧೈರ್ಯವೆಂದರೆ ಡಾಕ್ಟರ ಬಣ್ಣ. ಡಾಕ್ಟರ ಹೆಸರು ಫಿಲೋಮಿನಾ ಸಿದ್ದಿ. ಅಜ್ಜ ಮುತ್ತಜ್ಜರ ಕಾಲದಿಂದ ಹಳಿಯಾಳದ ಕಡೆಯವರು, ಹುಬ್ಬಳ್ಳಿಯಲ್ಲಿ ಓದಿದವರು. ಆದರೆ ಅವರ ಕಪ್ಪು ಮೈ, ಗುಂಗುರು ಕೂದಲು ನೋಡಿದ ಊರಿಗೆ ಊರೇ ಅವರನ್ನು ಆಫ್ರಿಕಾಕ್ಕೆ ಕಳಿಸಿಬಿಟ್ಟಿತ್ತು. ರಾಯರಂತೂ ಬಹಳ ದಿನ ಅವರೊಂದಿಗೆ ಹರಕುಮುರುಕು ಇಂಗ್ಲಿಷಿನಲ್ಲೇ ಮಾತಾಡಿದರು. "ನಾ ಹಳಿಯಾಳದಾಕಿರಿ, ಕನ್ನಡದಾಗ ಹೇಳ್ರಿ" ಎಂದಾಗ, "ಅಬ್ಬಾ, ಎಷ್ಟ ಜಲ್ದಿ ಕಲ್ತೀರಿ!" ಎಂದು ಮೆಚ್ಚಿಕೊಂಡಿದ್ದರು. ಅಂಥವರ ತಲೆಗೆ ಒಂದು ಸಾವು ಕಟ್ಟುವುದು ಏನು ದೊಡ್ಡ ಮಾತು? ಮುದಕಪ್ಪನ ಹೆಂಡತಿ ಗದಿಗೆವ್ವ, "ಈ ಕರಿಯಾಕಿ ನಮ್ಮವರಿಗೆ ಕೈ ಹಚ್ಚೂದು ಬ್ಯಾಡ" ಎಂದು ಮೊದಲ ದಿನ ರಂಪ ಮಾಡಿದ್ದನ್ನು ಇಡೀ ವಾರ್ಡು ಕೇಳಿತ್ತು. ಸಾಕ್ಷಿಗೆ ರಾಯರು ಅವಳನ್ನೇ ಕರೆಸಿದ್ದರು. ವೆರಾಂಡದಲ್ಲಿ ತಾವೇ ಕುರ್ಚಿ ಎಳೆದು ಕೂಡಿಸಿದರು. ಆಕೆ ಅವರ ಮುಖವನ್ನೇ ದಿಟ್ಟಿಸಿದಳು. ಪಾಪ, ಮರ್ಯಾದೆ ತಿಳಿದ ಹೆಂಗಸು ಎಂದುಕೊಂಡರು ರಾಯರು.

ಸಾಹುಕಾರರು ಹತ್ತಿಯ ವ್ಯಾಪಾರದವರು. ಆಸ್ಪತ್ರೆಗೆ ತಾಯಿಯ ಹೆಸರಿಟ್ಟ ಮೇಲೆ ಉಳಿದದ್ದೆಲ್ಲ ತಾಯಿಯೇ ನೋಡಿಕೊಳ್ಳುತ್ತಾಳೆಂದು ನಂಬಿದ್ದರು. ವಿಚಾರಣೆಯನ್ನು ಡಾಕ್ಟರಿಂದಲೇ ಶುರುಮಾಡಿದರು.

"ಅವತ್ತ ಆಸ್ಪತ್ರ್ಯಾಗ ಯಾರ್ಯಾರ ಇದ್ರಿ, ಡಾಕ್ಟರ್ರ?"

"ನಾ ಒಬ್ಬಾಕಿನ ಇದ್ದೆರಿ. ನಾಕ ಮಂದಿ ಇರಬೇಕಿತ್ತು."

"ಮತ್ತ ಆತಲ್ಲ! ಇಲ್ಲದವರ ಮ್ಯಾಲೆ ತಪ್ಪ ಹೆಂಗ ಹಾಕೂದು? ಅವರು ಇರಲೇ ಇಲ್ಲ."

ರಾಯರಿಗೆ ಹೊಟ್ಟೆ ತಣ್ಣಗಾಯಿತು. ಇಂಥ ತರ್ಕ ಸಾಹುಕಾರರಿಗಲ್ಲದೆ ಯಾರಿಗೆ ಹೊಳೆಯಬೇಕು!

"ಸಿಲಿಂಡರ್ ಖಾಲಿ ಇದ್ವುರಿ" ಎಂದರು ಡಾಕ್ಟರು.

"ಸಿಲಿಂಡರ್ ಏನ್ ಡಾಕ್ಟರಕಿ ಓದೇತೇನ್ರಿ? ಓದಿದವರು ನೀವು."

"ಜನರೇಟರ್ ಕೀಲಿನೂ ಸಿಗಲಿಲ್ಲ."

ರಾಯರು ನಡುವೆ ಬಾಯಿ ಹಾಕಿದರು. "ಯಾರರೆ ಬಂದು ಕೇಳಿದ್ರ ಕೊಡತಿದ್ದಿಲ್ಲೇನ್ರಿ? ಮನಿ ಹಿಂದಿನ ಓಣ್ಯಾಗ ಅದ. ಒಂದು ನರಪಿಳ್ಳಿ ಬರಲಿಲ್ಲ."

ಗಾಳಿಚೀಲ ಒತ್ತುತ್ತಿದ್ದ ಡಾಕ್ಟರಿಗೆ ಯಾರು ಎಲ್ಲಿಗೆ ಓಡಿದರೆಂದು ಹೇಗೆ ಗೊತ್ತಿರಬೇಕು? ಈ ಕೆಲಸ ಹೋದರೆ, ರೋಗಿಯನ್ನು ಕೊಂದವಳು ಎಂಬ ಮಾತು ಅವರಿಗಿಂತ ಮೊದಲೇ ಮುಂದಿನ ಆಸ್ಪತ್ರೆಗೆ ಹೋಗಿ ಮುಟ್ಟುತ್ತಿತ್ತು. ಸಾಹುಕಾರರು ಗದಿಗೆವ್ವನನ್ನು ಒಳಗೆ ಕರೆಸಿದರು.

"ಹೆದರಬ್ಯಾಡ ಯವ್ವಾ. ಈ ಡಾಕ್ಟರ್ ಬ್ಯಾಡಂತ ನೀನ ಅಂದಿದ್ದಿಲ್ಲ?"

"ಅಂದಿದ್ದೆರಿ ಯಪ್ಪಾ, ನನ್ನ ನಾಲಿಗಿ ಸೇದಿ ಹೋಗ್ಲಿ" ಎಂದಳು ಗದಿಗೆವ್ವ. "ಆಮ್ಯಾಲೆ ನೋಡಿದೆ. ಎಲ್ಲಾ ನಿಂತ ಹೋದ್ರೂ ಆಕಿ ಕೈ ನಿಂದ್ರಲಿಲ್ಲ. ಬೆವರ ಒರಸ್ಕೊಳ್ಳಾಕೂ ಬಿಡಲಿಲ್ಲ. ಕೀಲಿ ರಾಯರ ಮನ್ಯಾಗ ಐತಿ ಅಂತ ಮೌಲಾಸಾಬ ಒದರಿದ. ಕೇಳಿದಾಕಿನ ನಾ ಓಡಿದೆ. ಇವರ ತಾಯಿ, ಕೀಲಿ ಪೂಜಾದಾಗ ಅದ, ನಾಳೆ ಬಾ ಅಂದ್ರು. ಇವರು ಒಳಗ ಉಣ್ಣಾಕತ್ತಿದ್ರು. ನನ್ನ ನೋಡಿದ್ರು."

"ನಾ ಕಕ್ಕಸದ ಕೀಲಿ ಅಂತ ತಿಳಕೊಂಡೆರಿ!" ಎಂದು ರಾಯರು ಬಾಯಿಬಿಟ್ಟರು. ಬಿಟ್ಟ ಮೇಲೆ ಬಾಯಿಗೆ ಕೈ ಹೋಯಿತು.

ಗದಿಗೆವ್ವ ಅವರ ಕಡೆ ತಿರುಗಿದಳು. "ಆಕಿ ಕರ್ರಗ ಅದಾಳಂತ ನಿಮಗೆಲ್ಲಾರಿಗೂ ಕಂಡ್ಳು. ನಾ ನಿಮ್ಮ ಬಾಗಲದಾಗ ಸೆರಗೊಡ್ಡಿ ನಿಂತಿದ್ದೆ. ನಾ ಕಾಣಲಿಲ್ಲೇನ್ರಿ?"

ಸಾಹುಕಾರರು ಒಂದು ಗಳಿಗೆ ಕಣ್ಣು ಮುಚ್ಚಿ ವ್ಯಾಪಾರ ತೂಗಿದರು. ಕಣ್ಣು ಬಿಟ್ಟಾಗ, ಅಷ್ಟು ಹೊತ್ತು ಡಾಕ್ಟರನ್ನು ನೋಡುತ್ತಿದ್ದ ಆ ನೋಟ ರಾಯರ ಮೇಲೆ ಬಂದು ಕೂತಿತು.

"ಠರಾವು ಬರೀರಿ, ರಾಯರ. ಮ್ಯಾನೇಜರ್ ಮಾರ್ತಾಂಡ ಇವರ ಬೇಜವಾಬ್ದಾರಿಯಿಂದ ರೋಗಿ ತೀರಿಕೊಂಡದ್ದರಿಂದ, ಅವರನ್ನು ಕೆಲಸದಿಂದ ತೆಗೆಯಲಾಗಿದೆ. ಬರೀರಿ, ಬರೀರಿ, ನಿಮ್ಮ ಅಕ್ಷರ ಛಲೋ ಅದಾವು."

ಮೀಟಿಂಗಿನ ಠರಾವು ಬರೆಯುವುದು ಮೊದಲಿನಿಂದಲೂ ರಾಯರದೇ ಕೆಲಸ. ಅವರು ಬರೆದರು.

"ಮತ್ತ ಎರಡನೇ ಕೀಲಿ?" ಎಂದರು ಡಾಕ್ಟರು. "ಸಿಲಿಂಡರ್? ಹಬ್ಬದಾಗ ಇರಾಕ ಇನ್ನೊಬ್ಬರು ಡಾಕ್ಟರ್?"

"ಅದೆಲ್ಲಾ ಮುಂದಿನ ಮೀಟಿಂಗಿಗೆ ನೋಡೂಣ್ರಿ. ನಿಮ್ಮ ಕೆಲಸ ಉಳೀತಲ್ಲ, ಸುಮ್ಮನ ನಡೀರಿ."

ಗದಿಗೆವ್ವ ಇನ್ನೂ ನಿಂತೇ ಇದ್ದಳು. ಡಾಕ್ಟರ ಮುಖ ನೋಡಿದಳು, ರಾಯರ ಬಗ್ಗಿದ ತಲೆ ನೋಡಿದಳು, ಆಮೇಲೆ ಸಾಹುಕಾರರನ್ನು ಕೇಳಿದಳು: "ಅಲ್ರಿ ಯಪ್ಪಾ, ಇವರನ್ನ ತಗದ್ರ ಕರೆಂಟ ಹೋದಾಗ ಮಶೀನ ನಡೀತೈತೇನ್ರಿ?"

ಸಾಹುಕಾರರು ಆಕೆಗೊಂದು ಚಹಾ ಹೇಳಿದರು.