ಮಿರ್ಲೆಯ ದಾದಿಗೆ ನಿದ್ದೆ ಬಂತು

ಹೊಸ ಮೈಸೂರು ರಾಜ್ಯವಾದ ವರ್ಷ. ಮಿರ್ಲೆಯ ಹೆರಿಗೆ ದಾದಿ ಮಂಗಳಗೌರಿ ಸುತ್ತಲ ಹಳ್ಳಿಗಳಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಳು. ತುಂಬು ಬಸುರಿಯರು ದಾರಿ ನೋಡುತ್ತಿದ್ದರು. "ದಾದಮ್ಮಂಗೆ ಕೊಬ್ಬು" ಎಂದು ಊರು ಆಡಿಕೊಂಡಿತು.

ಆಕೆ ಬಾಡಿಗೆಗಿದ್ದ ಮನೆಯ ಸುಂದ್ರಮ್ಮನಿಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ಹುಡುಗಿ ಅರ್ಧ ಮುದ್ದೆಯನ್ನೂ ಉಣ್ಣುತ್ತಿರಲಿಲ್ಲ. ತಲೆ ಬಾಚಿದರೆ ಕೂದಲು ಕೈತುಂಬ ಬರುತ್ತಿತ್ತು. ರವಿಕೆ ಜೋತುಬೀಳುವಷ್ಟು ಇಳಿದುಹೋಗಿದ್ದಳು.

ಒಂದು ಮಧ್ಯಾಹ್ನ ಸುಂದ್ರಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಏನಾಗದೆ ಮಗಾ ನಿಂಗೆ? ನನ್ ತಾವ ಯೋಳು."

"ಸಿದ್ದಯ್ಯನವರ ಮಗ ಬಸವರಾಜು ದಿನಾ ಸೈಕಲ್‌ನಲ್ಲಿ ಹಿಂದೆ ಬರ್ತಾನಮ್ಮ. ಬೇಡ ಅಂತ ಎರಡು ಸಲ ಹೇಳಿದೆ. ನಾನು ಹೆರಿಗೆಗೆ ಹೋದ ಮನೆ ಮುಂದೇನೇ ಕೂತು ಕಾಯ್ತಿದ್ದ. ಈಗ ಈ ಬೀದಿಲೂ ಸುತ್ತುತ್ತಾನೆ."

ಜಗಲಿಯಲ್ಲಿದ್ದ ಸುಂದ್ರಮ್ಮನ ಗಂಡ ಶಿವನಂಜಪ್ಪ ನಕ್ಕರು. "ಮೈ ಮುಟ್ನಾ? ಕೆಟ್ ಮಾತಾಡ್ನಾ? ಇಲ್ವಲ್ಲ. ಬೀದಿ ಎಲ್ರುದೂ ಕಣವ್ವ. ತಲೆಗ್ ಆಕಬ್ಯಾಡ ಬುಡು."

ಅಷ್ಟರಲ್ಲಿ ಹೊರಗೆ ಸೈಕಲ್ ಗಂಟೆ ಕೇಳಿಸಿತು. ಸುಂದ್ರಮ್ಮ ಹಿಡಿದಿದ್ದ ಕೈ ತಣ್ಣಗಾಗಿ ಬೆವರಿತು.

"ಒಸಿ ಇಲ್ ಬನ್ನಿ. ಈ ನಾಡಿ ನೋಡಿ," ಎಂದು ಸುಂದ್ರಮ್ಮ ಗಂಡನನ್ನು ಕರೆದರು.

ಶಿವನಂಜಪ್ಪ ಬಂದು ಎರಡು ಬೆರಳಿಟ್ಟರು. ಮೈಲಿ ದೂರ ಓಡಿ ಬಂದವಳ ನಾಡಿಯಂತೆ ಹೊಡೆದುಕೊಳ್ಳುತ್ತಿತ್ತು. ಆಕೆ ಕೂತಲ್ಲಿಂದ ಎದ್ದೇ ಇರಲಿಲ್ಲ.

"ದಿನವೆಲ್ಲ ಹೀಗೇ ಯಜಮಾನ್ರೇ," ಎಂದಳು ಮಂಗಳಗೌರಿ. "ಭಯ ಮನಸ್ಸಲ್ಲಿ ಮಾತ್ರ ಇರಲ್ಲ. ಮೈ ಯಾವಾಗಲೂ ಓಡೋಕೆ ತಯಾರಾಗಿ ನಿಂತಿದ್ರೆ ಹಸಿವೆಲ್ಲಿ, ನಿದ್ದೆ ಎಲ್ಲಿ? ಹೊಟ್ಟೆ ಕಿವುಚುತ್ತೆ, ತಲೆ ಸಿಡಿಯುತ್ತೆ. ಹೋದ ತಿಂಗಳು ಒಂದು ಮಗುವಿನ ಹೊಕ್ಕುಳಬಳ್ಳಿ ಕಟ್ಟುವಾಗ ಕೈ ನಡುಗಿತು. ಅದಕ್ಕೇ ಹೋಗೋದು ಬಿಟ್ಟೆ."

ಶಿವನಂಜಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಅಂದು ಸಂಜೆಯೇ ತಂದೆ ಮಗ ಇಬ್ಬರನ್ನೂ ಚಾವಡಿಗೆ, ಪಟೇಲರ ಮುಂದೆ ಕರೆಸಿದರು.

"ನಾನೇನ್ ಮಾಡ್ದೆ? ಬರೀ ಇಂದಿಂದೆ ಬಂದೆ," ಎಂದ ಬಸವರಾಜು.

"ಅದೇ ಕಣ್ಲಾ ನೀನ್ ಮಾಡಿದ್ದು. ನಾನೂ ಇವತ್ತಿನ್ಗಂಟ ಅದು ಸಣ್ದು ಅನ್ಕಂಡಿದ್ದೆ. ಆ ಮಗಿನ್ ಕೈ ಇಡ್ದ್ ನೋಡ್ದೆ," ಎಂದರು ಶಿವನಂಜಪ್ಪ.

ಇನ್ನೊಂದು ಸಲ ಹಿಂಬಾಲಿಸಿದರೆ ಪೊಲೀಸರಿಗೆ ದೂರು ಕೊಡುವುದಾಗಿ ಪಟೇಲರು ಹೇಳಿದರು. ಸಿದ್ದಯ್ಯ ತಲೆತಗ್ಗಿಸಿಕೊಂಡು ಹೋಗಿ, ಮಗನನ್ನು ಪಿರಿಯಾಪಟ್ಟಣದ ಸೋದರಮಾವನ ಮನೆಗೆ ಕಳಿಸಿದರು.

ಮಂಗಳಗೌರಿ ಮರುದಿನವೇ ಸರಿಹೋಗಲಿಲ್ಲ. ಬೆನ್ನ ಹಿಂದೆ ಹೆಜ್ಜೆ ಕೇಳಿದರೆ ತಿಂಗಳ ತನಕ ಬೆಚ್ಚುತ್ತಿದ್ದಳು. ಅವಳು ಮತ್ತೆ ಹೆರಿಗೆಗೆ ಹೊರಟಾಗೆಲ್ಲ ಸುಂದ್ರಮ್ಮ, ಪಕ್ಕದ ಮನೆಯ ವೀರಮ್ಮ ಸರದಿಯಂತೆ ಜೊತೆಗೆ ನಡೆದರು. ಕೆ.ಆರ್. ನಗರದ ಡಾಕ್ಟರಮ್ಮನಿಗೂ ತೋರಿಸಿದರು. ಒಂದು ದಿನ ಮಂಗಳಗೌರಿ ತಾನಾಗಿಯೇ ಕೇಳಿ, ಹುರುಳಿಕಾಳಿನ ಸಾರು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡಳು. ಮರುದಿನ ಬಿಸಿಲು ಹೊಸಿಲಿಗೆ ಬಂದರೂ ಮಲಗಿಯೇ ಇದ್ದಳು. "ಯಾರೂ ಎಬ್ಬುಸ್ಬ್ಯಾಡಿ" ಎಂದು ಶಿವನಂಜಪ್ಪ ಬಾಗಿಲಲ್ಲೇ ಕೂತರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹೆಣ್ಣುಮಗಳು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ದಿನಾ ಹೋಗುತ್ತಿದ್ದ ದಾರಿ ಬಿಟ್ಟರೆ ಗದರಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ. ಅವಳು ಹೇಳಿದ್ದನ್ನು ನಂಬಿ. ಅವಳನ್ನು ಮನೆಯೊಳಗೆ ಕೂಡಿಹಾಕಬೇಡಿ. ಹಿಂದೆ ಬರುವವನನ್ನು ತಡೆಯಿರಿ.