ಕೆಂಚನ ಪೌತಿ ಖಾತೆ

ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಮೂವತ್ತೊಂದು ವರ್ಷದಿಂದ ಮೇಜು ಹಾಕಿಕೊಂಡು ಕೂತವನು ನಾನು, ಪತ್ರ ಬರಹಗಾರ ಮಂಜಪ್ಪ. ಕ್ರಯಪತ್ರ, ಹಿಸ್ಸೆಪತ್ರ, ಖುಲಾಸೆಪತ್ರ, ಯಾವುದೇ ಇರಲಿ, ನಾನು ಬರೆದದ್ದರಲ್ಲಿ ಒಂದು ಅಕ್ಷರ ಅಲುಗಾಡಿಸಲು ಇವತ್ತಿನವರೆಗೆ ಯಾವ ವಕೀಲನಿಂದಲೂ ಆಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳುವುದಿಲ್ಲ. ಹೀಗಿರುವಾಗ ಒಂದು ಸೋಮವಾರ ನನ್ನ ಅಕ್ಕನ ಮಗಳು ದಿವ್ಯ ನಾಯಿ ಸಮೇತ ಬಂದು ಎದುರಿನ ಬೆಂಚಿನ ಮೇಲೆ ಕೂತಳು.

"ಮಾವ, ಕೆಂಚನ ಕಾಗದಪತ್ರ ಮಾಡ್ಬೇಕು. ಜರ್ಮನಿಗೆ."

ದಿವ್ಯ ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದಿಂದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾಳೆ. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅದಕ್ಕಾಗಿ ಅಡುಗೆಮನೆಯಲ್ಲೂ ಬಚ್ಚಲಲ್ಲೂ ಆ ಭಾಷೆಯನ್ನೇ ಒದರಿ ಒದರಿ, ನನ್ನ ಹೆಂಡತಿ ಲೋಕಮ್ಮನಿಗೂ ನಾಲ್ಕು ಮಾತು ಬರುವಂತೆ ಮಾಡಿದ್ದಳು. ಕೆಂಚ, ಜಡೆ ಊರಲ್ಲಿದ್ದ ನನ್ನ ಅಕ್ಕ ಹುಚ್ಚಮ್ಮ ಸಾಕಿದ ನಾಯಿ. ಹೋದ ವರ್ಷ ಅಕ್ಕ ತೀರಿಕೊಂಡಳು. ತಿಥಿ ಮುಗಿಸಿ ದಿವ್ಯ ಹೊರಟಾಗ ಕೆಂಚ ತಾನೇ ಆಟೋ ಹತ್ತಿ ಕೂತ. ಅವಳೇ ಹತ್ತಿಸಿಕೊಂಡಳು ಎನ್ನುವುದು ಅವಳ ಅಣ್ಣ ನಾಗೇಶನ ವಾದ. ಅಂತೂ ಅವತ್ತಿನಿಂದ ನಾಯಿ ನಮ್ಮಲ್ಲಿದೆ.

"ಇವನನ್ನ ಬಿಟ್ಟು ಹೋಗಲ್ಲ ಮಾವ. ಅವ್ವನ ಕೈತುತ್ತು ತಿಂದೋರಲ್ಲಿ ನನ್ನ ಹತ್ರ ಉಳಿದಿರೋನು ಇವನೊಬ್ಬನೇ."

ನಿಯಮಗಳನ್ನು ಅವಳೇ ವಿವರಿಸಿದಳು. ಮೊದಲು ಕುತ್ತಿಗೆಯ ಚರ್ಮದ ಕೆಳಗೆ ಗುರುತಿನ ಸಂಖ್ಯೆ ಇರುವ, ಅಕ್ಕಿಕಾಳಿನಷ್ಟು ಮೈಕ್ರೋಚಿಪ್ಪು ಹಾಕಿಸಬೇಕು, ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ, ಮೂವತ್ತು ದಿನ ಬಿಟ್ಟು ರಕ್ತಪರೀಕ್ಷೆ, ಅದಾದ ಮೇಲೆ ಮೂರು ತಿಂಗಳು ಕಾಯಬೇಕು. ಅವಳು ಹೊರಡುವ ದಿನಕ್ಕೆ ಎಲ್ಲ ಸೇರಿ ಒಂದೇ ವಾರ ಮಿಗುತ್ತಿತ್ತು. ಈ ವಾರ ಚಿಪ್ಪು ಹಾಕದಿದ್ದರೆ ಕೆಂಚ ಇಲ್ಲೇ.

ನಾನು ಹಳೆಯ ಲಸಿಕೆ ಪುಸ್ತಕ ಬಿಡಿಸಿದೆ. ಮಾಲೀಕರ ಹೆಸರು: ಹುಚ್ಚಮ್ಮ, ಜಡೆ, ಸೊರಬ ತಾಲ್ಲೂಕು. ನನ್ನ ಕಸುಬು ಮೈಯಲ್ಲಿ ಎದ್ದು ನಿಂತಿತು.

"ಮಾಲೀಕರು ಮೃತರಾಗಿದ್ದಾರೆ. ವಾರಸುದಾರರು ಇಬ್ಬರು. ಮೊದಲು ಪೌತಿ ಖಾತೆ ಆಗ್ಬೇಕು."

ಸತ್ತವರ ಹೆಸರಲ್ಲಿರುವ ಜಮೀನನ್ನು ಮಕ್ಕಳ ಹೆಸರಿಗೆ ಮಾಡುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ.

"ಮಾವ, ಇದು ನಾಯಿ."

"ನಾಯಿನೂ ಸ್ವತ್ತೇ. ನಾಗೇಶ ತನ್ನ ಹಕ್ಕು ಬಿಟ್ಟುಕೊಟ್ಟೆ ಅಂತ ಖುಲಾಸೆಪತ್ರ ಬರ್ಕೊಡ್ಬೇಕು. ನಾಳೆ ವಿಮಾನದ ಬಾಗಿಲಲ್ಲಿ ಯಾರಾದ್ರೂ ತಕರಾರು ತೆಗೆದ್ರೆ?"

ಹೀಗೆ ಹೇಳಿ ಎರಡು ಪುಟ ಬರೆದೆ. ಜಮೀನಿಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ಹಾಕುವಂತೆ ಕೆಂಚನಿಗೂ ಹಾಕಿದೆ: ಮುಂದಕ್ಕೆ ಕಪ್ಪು ಮೂತಿ, ಹಿಂದಕ್ಕೆ ಸುರುಳಿ ಬಾಲ, ಎಡಕ್ಕೆ ಹರಿದ ಕಿವಿ, ಬಲಕ್ಕೆ ನೆಟ್ಟಗಿನ ಕಿವಿ, ಇದರ ಮಧ್ಯೆ ಇರುವ ಕೆಂದು ಬಣ್ಣದ ನಾಯಿ. ಬರೆಯುವಷ್ಟು ಹೊತ್ತೂ ಸದರಿ ಸ್ವತ್ತು ನನ್ನ ಚಪ್ಪಲಿ ಕಚ್ಚುತ್ತಿತ್ತು.

ದಿವ್ಯ ನಗಲಿಲ್ಲ. "ಅಣ್ಣ ಸಹಿ ಹಾಕಲ್ಲ" ಎಂದಳು.

ಅದಕ್ಕೆ ಕಾರಣ ಇತ್ತು. ಅಕ್ಕ ಹೋಗಿ ಎರಡು ತಿಂಗಳಿಗೆ ದಿವ್ಯ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು ಸೊರಬದ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೆ ಬರೆದುಕೊಡುವುದು ರೂಢಿ. ಪತ್ರ ನಾನೇ ಬರೆದದ್ದು. ಬೆರಳಿಟ್ಟು ತೋರಿಸಿದಲ್ಲೆಲ್ಲ ಅಣ್ಣ ತಂಗಿ ಇಬ್ಬರೂ ಸಹಿ ಹಾಕಿದರು. ಓದಿ ಹೇಳಿದೆನೇ? ಇಲ್ಲ. ಮಂಜಪ್ಪನ ಪತ್ರವನ್ನು ಯಾರೂ ಓದುವುದಿಲ್ಲ, ಅಷ್ಟು ನಂಬಿಕೆ ಎಂದು ನಾನು ಬೀಗುತ್ತಿದ್ದೆ. ಆಮೇಲೆ ದಿವ್ಯ ಜಡೆಗೆ ಹೋಗಿಲ್ಲ. ದೀಪಾವಳಿಗೆ ನಾಗೇಶ ಕರೆದರೆ ಡ್ಯೂಟಿ ಅಂದಳು. ಯುಗಾದಿಗೆ ಅವನು ಕರೆಯಲಿಲ್ಲ.

ಬುಧವಾರ ಗೂಡ್ಸ್ ಆಟೋದಲ್ಲಿ ಸೊರಬದ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರ್ ನವೀನ್ ಶಿವಮೊಗ್ಗದಿಂದ ಚಿಪ್ಪು ತರಿಸಿಟ್ಟಿದ್ದರು. ನಾಗೇಶನಿಗೂ ಬರಲು ಹೇಳಿದ್ದೆ. ಗದ್ದೆಯಿಂದ ನೇರ ಬೈಕಿನಲ್ಲಿ ಬಂದ, ಕಾಲಲ್ಲಿ ಕೆಸರು ಹಾಗೇ ಇತ್ತು. ಅವನನ್ನು ಕಂಡದ್ದೇ ಕೆಂಚ ದಿವ್ಯಳ ಕೈಯಿಂದ ಸರಪಳಿ ಕಿತ್ತುಕೊಂಡು ಓಡಿ ಅವನ ಎದೆಯ ಮೇಲೆ ಮುಂಗಾಲು ಊರಿದ.

"ಎಂತ ಮಾರಾಯ, ಇಷ್ಟ್ ಸೊರಗಿದ್ದೀಯ?" ಎಂದ ನಾಗೇಶ. ಲೋಕಮ್ಮನ ಉಪಚಾರದಲ್ಲಿ ಕೊಬ್ಬಿದ ಕೆಂಚನ ಕುತ್ತಿಗೆಪಟ್ಟಿ ಸಡಿಲಿಸಲು ಎರಡು ತೂತು ಹೆಚ್ಚಿಗೆ ಕೊರೆಸಿದ್ದೆವು.

ಹೊರಗಿನ ಕಟ್ಟೆಯ ಮೇಲೆ ಕೂತು ಪತ್ರ ಕೊಟ್ಟು, ಸಹಿ ಮಾಡುವ ಜಾಗ ತೋರಿಸಿದೆ. ಅವನು ಅದನ್ನು ಓದತೊಡಗಿದ! ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಎರಡೂ ಪುಟ. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಕಾಗದ ಮಡಿಸಿಟ್ಟ.

"ಸಹಿ ಹಾಕಲ್ಲ ಮಾವ."

"ಎಂತಕ್ಕೆ?"

"'ಸದರಿ ಕೆಂಚನಿಗೂ ನನಗೂ ಇನ್ನು ಮುಂದೆ ಯಾವುದೇ ಸಂಬಂಧ ಇರುವುದಿಲ್ಲ' ಅಂತ ಬರ್ದಿದ್ದೀರಿ. ಅವ್ವನ ನಾಯಿ ಇದು. ಸಂಬಂಧ ಹೆಂಗ್ ಇರಲ್ಲ?"

ದಿವ್ಯ ಇಷ್ಟು ಹೊತ್ತು ಗೋಡೆ ನೋಡುತ್ತಿದ್ದಳು. ಈಗ ತಿರುಗಿದಳು.

"ನಾನು ಹಾಕಿಲ್ವ ಅಣ್ಣ? ನನ್ನ ಪತ್ರದಲ್ಲೂ ಅದೇ ಸಾಲು ಇತ್ತು. ಸಹಿ ಹಾಕಿ ಮನೆಗೆ ಹೋದ್ಮೇಲೆ ಓದ್ದೆ. ಆ ಮನೆಗೂ ನನಗೂ ಇನ್ನು ಮುಂದೆ ಯಾವುದೇ ಸಂಬಂಧ ಇರುವುದಿಲ್ಲ ಅಂತ."

"ಮನೆಗಾ? ಗದ್ದೆ ಮಾತ್ರ ಅಲ್ವನೇ ಬರ್ಕೊಟ್ಟಿದ್ದು?"

"ಮನೆ, ಹಿತ್ತಲು, ಬಾವಿ, ಎಲ್ಲ."

ಇಬ್ಬರೂ ನನ್ನನ್ನು ನೋಡಿದರು. ಗದ್ದೆಯಷ್ಟನ್ನೇ ಬರೆಯಿರಿ ಎಂದು ಅವತ್ತು ನಾಗೇಶ ಹೇಳಿದ್ದು ನಿಜ. ನಾನು ಹಳೆಯ ನಮೂನೆ ಎದುರಿಗಿಟ್ಟುಕೊಂಡು ಕೈಗೆ ಬಂದ ಹಾಗೆ ಬರೆದುಕೊಂಡು ಹೋಗಿದ್ದೆ. ನಮೂನೆಯಲ್ಲಿ ಮನೆ ಇತ್ತು, ಆದ್ದರಿಂದ ಮನೆಯೂ ಹೋಯಿತು. ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಮಗಳನ್ನು ಅವಳ ಮನೆಯಿಂದ ಒಂದು ಸಾಲಿನಲ್ಲಿ ಹೊರಗೆ ಹಾಕಿದವನು ನಾನು ಎಂದು ತಿಳಿದಾಗ ನಾಚಿಕೆಯಾಯಿತು. ಬಾಯಿಬಿಟ್ಟು ಹೇಳುವಷ್ಟರಲ್ಲಿ ಡಾಕ್ಟರ್ ಹೊರಗೆ ಬಂದರು.

ಅವರು ಪತ್ರ ಎತ್ತಿಕೊಂಡು ಓದಿದರು. ಚಕ್ಕುಬಂದಿಯ ಹತ್ತಿರ ಬಂದಾಗ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇದೆಲ್ಲ ಯಾಕ್ರೀ ಮಂಜಪ್ಪನವರೇ? ಚಿಪ್ಪು ಹಾಕೋದಕ್ಕೆ ಮುಂಚಿನ ಲಸಿಕೆನ ಅಲ್ಲಿಯವರು ಒಪ್ಪೋದೇ ಇಲ್ಲ. ಹಳೇ ಪುಸ್ತಕ ಅಲ್ಲಿಗೆ ಮುಗೀತು. ಹೊಸ ಲಸಿಕೆ, ಹೊಸ ಪುಸ್ತಕ, ಕರ್ಕೊಂಡು ಹೋಗೋರ ಹೆಸರು. ಅಷ್ಟೇ."

ಎರಡು ಪುಟ, ಒಂದು ಛಾಪಾ ಕಾಗದ, ಒಂದು ಜಗಳ, ಎಲ್ಲ ದಂಡ. ನಾಗೇಶನ ಸಹಿ ಯಾರಿಗೂ ಬೇಕಿರಲಿಲ್ಲ. ಅವನು ಎದ್ದು ಬೈಕ್ ಹತ್ತಿ ಹೋಗಬಹುದಿತ್ತು. ಆದರೆ ಚಿಪ್ಪಿನ ಸೂಜಿ ದಬ್ಬಣದಷ್ಟು ದಪ್ಪ ಇತ್ತು. ಅದನ್ನು ಕಂಡು ಕೆಂಚ ಹಲ್ಲು ಕಿರಿದ. ಮನುಷ್ಯರಿಗೆ ದಿನಕ್ಕೆ ನೂರು ಸೂಜಿ ಚುಚ್ಚುವ ದಿವ್ಯ ಕಣ್ಣು ಮುಚ್ಚಿ ನಿಂತುಬಿಟ್ಟಳು. ನಾಗೇಶ ಒಳಗೆ ಬಂದು ಕೆಂಚನ ತಲೆಯನ್ನು ಕಂಕುಳಲ್ಲಿ ಹಿಡಿದುಕೊಂಡ. "ಆಯ್ತು, ಆಯ್ತು, ಆಗೇ ಹೋಯ್ತು" ಎಂದ. ಅಕ್ಕ ಕರುಗಳಿಗೆ ಹಾಗೇ ಅನ್ನುತ್ತಿದ್ದಳು. ದಿವ್ಯ ಕಣ್ಣು ಬಿಟ್ಟು ಅಣ್ಣನನ್ನೇ ನೋಡಿದಳು.

ಲಸಿಕೆಯೂ ಆಯಿತು. ಡಾಕ್ಟರ್ ಹೊಸ ಪುಸ್ತಕ ತೆಗೆದು ಮಾಲೀಕರ ಹೆಸರು ಬರೆದರು.

"ಇಲ್ಲಿಯ ವಿಳಾಸ?"

"ಮಂಜಪ್ಪನವರ ಮನೆ, ಶಿಕಾರಿಪುರ" ಎಂದಳು ದಿವ್ಯ.

"ಜಡೆ ಅಂತ ಬರೀರಿ" ಎಂದ ನಾಗೇಶ.

"ಅಣ್ಣ, ಅಲ್ಲಿ ನಂದೇನಿದೆ?"

ಅವನು ಕೆಂಚನ ಕಿವಿ ಹಿಂದೆ ಕೆರೆಯುತ್ತ, ತಂಗಿಯ ಮುಖ ನೋಡದೆ ಹೇಳಿದ. "ಜರ್ಮನಿಲಿ ಚಳಿ ಜಾಸ್ತಿ ಅಂತಲ್ಲ. ಇವನಿಗೆ ಆಗ್ಲಿಲ್ಲ ಅಂದ್ರೆ ವಾಪಸ್ ಎಲ್ಲಿಗ್ ಬರ್ತಾನೆ? ಅವ್ವನ ಮನೆಗೇ ಬರ್ಬೇಕು. ನೀನೂ ಅಷ್ಟೇ. ಮನೆ ನಾನು ಕೇಳಿರ್ಲಿಲ್ಲ ಕಣೆ, ಅವ್ವನಾಣೆ."

ದಿವ್ಯ ಅತ್ತಳು. ಅಳುತ್ತಲೇ ಡಾಕ್ಟರಿಗೆ ಹೇಳಿದಳು, "ಜಡೆ, ಸೊರಬ ತಾಲ್ಲೂಕು. ಹಳೇ ಪುಸ್ತಕದಲ್ಲಿ ಇದ್ದ ಹಾಗೇ ಬರೀರಿ ಸರ್."

ನಾಗೇಶ ನನ್ನ ಕಡೆ ತಿರುಗಿದ. "ಮಾವ, ಆ ಪತ್ರ ರದ್ದಾಗುತ್ತಾ?"

"ರದ್ದು ಯಾಕೆ, ಮನೆಯ ಅರ್ಧ ಭಾಗಕ್ಕೆ ದಾನಪತ್ರ ಮಾಡಿದ್ರಾಯ್ತು. ತಪ್ಪು ನಂದು. ಈಗಲೇ ಕರಡು ಬರೀತೀನಿ."

ದಂಡವಾಗಿದ್ದ ಛಾಪಾ ಕಾಗದದ ಹಿಂಬದಿಯಲ್ಲಿ, ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಬರೆದೆ. ಬರೆದು ಸುಮ್ಮನೆ ಕೊಡಲಿಲ್ಲ, ದೊಡ್ಡದಾಗಿ ಓದಿದೆ. ಓದಿದ್ದು ಸಾಲದೆಂದು ಇಬ್ಬರೂ ಕಾಗದ ಕಿತ್ತುಕೊಂಡು ತಲೆಗೆ ತಲೆ ತಾಗಿಸಿ ತಾವೇ ಓದಿದರು. ದಿವ್ಯ ಎರಡು ತಪ್ಪು ಹಿಡಿದಳು. ಬಾವಿ ಪೂರ್ವಕ್ಕಲ್ಲ ಪಶ್ಚಿಮಕ್ಕೆ, ಅವ್ವನ ಹೆಸರಿಗೆ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಮೂವತ್ತೊಂದು ವರ್ಷದ ಹೆಸರು ಅಲ್ಲಿಗೆ ಮಣ್ಣುಪಾಲಾಯಿತು.

ನಾಗೇಶ ಮಾತ್ರ ಕೊನೆಯ ಸಾಲಿಗೆ ಬೆರಳಿಟ್ಟು ಕೂತಿದ್ದ. ನೋಡಿದರೆ, ಕೈಗೆ ಅಭ್ಯಾಸವಾಗಿ ನಾನು ಮತ್ತೆ ಬರೆದುಬಿಟ್ಟಿದ್ದೆ: ಇನ್ನು ಮುಂದೆ ಯಾವುದೇ ಸಂಬಂಧ ಇರುವುದಿಲ್ಲ.

ಅವನು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು ಆ ಸಾಲನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದ.