ತುಕ್ಕಿಗೆ ಊಟದ ಬಿಡುವಿಲ್ಲ

ನಮ್ಮ ಮನೆಯಲ್ಲಿ ಬಿಸಿನೀರಿನ ಮೊದಲ ಹಕ್ಕು ಕೋವಿಯದು. ಆಮೇಲೆ ಅತ್ತೆಯದು, ಆಮೇಲೆ ಮಗಳದು. ನನ್ನ ಸರದಿ ಬರುವ ಹೊತ್ತಿಗೆ ನೀರು ತನ್ನನ್ನು ತಾನು ಬಿಸಿಯೆಂದು ಹೇಳಿಕೊಳ್ಳಲು ನಾಚಿಕೊಳ್ಳುವಷ್ಟು ಆರಿರುತ್ತದೆ. ಗಂಡನ ಮಾತು ಬಿಡಿ, ಅವನು ತಣ್ಣೀರಿಗೇ ಹುಟ್ಟಿದವನು.

ಕೋವಿ ನಮ್ಮದಲ್ಲ, ಕಚೇರಿಯದು. ಬಾಯಿಯಿಂದ ಮದ್ದು ಸುರಿದು, ಉದ್ದನೆಯ ಕಬ್ಬಿಣದ ಗಜದಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಕೂರಿಸಿ ಹಾರಿಸುವ ಹಳೇ ಕಾಲದ ಕೋವಿ. ದಿನಾ ಚೌಕದ ಗಡಿಯಾರ ಹನ್ನೆರಡು ಹೊಡೆದ ಕೂಡಲೇ ನನ್ನ ಗಂಡ ಕಚೇರಿಯ ಮಾಳಿಗೆಯಿಂದ ಅದನ್ನು ಹಾರಿಸಬೇಕು. ಗುಂಡಿರುವುದಿಲ್ಲ, ಬರೀ ಮದ್ದು, ಬರೀ ಸದ್ದು. ಆ ಸದ್ದಿಗೆ ಊರಿನ ಊಟದ ಬಿಡುವು ಶುರುವಾಗುತ್ತದೆ. ಗಡಿಯಾರ ಒಂದು ಹೊಡೆದಾಗ ಮುಗಿಯುತ್ತದೆ. ‘ಕೋವಿ ಕೇಳಿದ ಮೇಲೆ ಊಟ, ಗಂಟೆ ಕೇಳಿದ ಮೇಲೆ ಕೆಲಸ’ ಎಂದು ಕಚೇರಿಯ ಬಾಗಿಲ ಮೇಲೆ ಕಲ್ಲಿನಲ್ಲೇ ಕೆತ್ತಿದ್ದಾರೆ. ಊರವರು ನನ್ನ ಗಂಡನನ್ನು ‘ಢಂ’ ಎನ್ನುತ್ತಾರೆ. ನಾನು ಢಂ ಹೆಂಡತಿ. ಮಗಳು ಶಾಲೆಯಲ್ಲಿ ಪುಟ್ಟ ಢಂ. ಅತ್ತೆಗೆ ಏನೆನ್ನುತ್ತಾರೋ ಅವರಿಗೆ ಗೊತ್ತಿಲ್ಲ. ಸತ್ತ ಮಾವನವರು ಹಾರಿಸಿದ ಕೋವಿಯ ಪಕ್ಕದಲ್ಲೇ ಬಾಳು ಕಳೆದವರು, ಕಿವಿ ಆವಾಗಲೇ ಹೋಗಿದೆ.

ಹಾರಿಸುವುದು ಅವನ ಕೆಲಸ, ತೊಳೆಯುವುದು ನನ್ನದು. ಹಾರಿಸಲು ಒಂದು ಚಿಟಿಕೆ ಹೊತ್ತು ಸಾಕು, ತೊಳೆಯಲು ಮಧ್ಯಾಹ್ನವೆಲ್ಲ ಬೇಕು. ಸಂಸಾರದ ಬೇರೆ ಕೆಲಸಗಳ ಹಾಗೆಯೇ. ಕರಿಮದ್ದಿನ ಮಸಿ ಸುಮ್ಮನೆ ಕೂರುವ ಜಾತಿಯದಲ್ಲ. ಗಾಳಿಯಲ್ಲಿರುವ ಪಸೆ ಕುಡಿದು ಕಬ್ಬಿಣ ತಿನ್ನಲು ಕೂತುಬಿಡುತ್ತದೆ. ನಳಿಗೆಯ ಒಳಗೆ ತಿರುಪಿನಂತೆ ಸುತ್ತಿಕೊಂಡು ಹೋಗುವ ಗೀರುಗಳಿವೆ. ಮಕ್ಕಳ ಕುತ್ತಿಗೆಯ ಮಡಿಕೆಯಲ್ಲಿ ಕೊಳೆ ಕೂತ ಹಾಗೆ ಮಸಿ ಅಲ್ಲಿ ಅವಿತಿರುತ್ತದೆ. ನಾನು ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಅದರ ಬುಡವನ್ನು ಸೋಪಿನ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸುತ್ತೇನೆ. ಗಜದ ತುದಿಗೆ ಚಿಂದಿ ಸುತ್ತಿ ಬಾಯಿಯಿಂದ ಇಳಿಸಿ ಎಳೆದರೆ, ಬುಡದ ಸಣ್ಣ ಕಿಂಡಿಯಿಂದ ನೀರು ಪಂಪಿನ ಹಾಗೆ ಮೇಲೇರುತ್ತದೆ; ಒತ್ತಿದರೆ ಕಪ್ಪಾಗಿ ಇಳಿಯುತ್ತದೆ. ಕಪ್ಪು ಬೂದಿಯಾಗಿ, ಬೂದಿ ತಿಳಿಯಾಗುವ ತನಕ ಬಿಡುವಂತಿಲ್ಲ. ಆಮೇಲೆ ಕುದಿಯುವ ಬರೀ ನೀರು. ಆಮೇಲೆ ಒಣ ಚಿಂದಿ, ಇನ್ನೊಂದು ಒಣ ಚಿಂದಿ, ಕಡೆಗೆ ಎಣ್ಣೆಯ ಚಿಂದಿ. ಬೆಳಿಗ್ಗೆಯೆಲ್ಲ ಅಂಗಡಿಯೊಂದರಲ್ಲಿ ಅಂಗಿಯ ಕಾಲರು ಹೊಲಿಯುತ್ತೇನಾದ್ದರಿಂದ ಚಿಂದಿಗೆ ಬರವಿಲ್ಲ.

ಸಂಜೆ ಮನೆಗೆ ಹೊರಡುವ ಮುಂಚೆ ಕಚೇರಿಯ ಮೇಲ್ವಿಚಾರಕರು ನಮ್ಮ ಬಾಗಿಲಿಗೆ ಬಂದು ನಳಿಗೆಯೊಳಗೆ ಟಾರ್ಚು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಒಂದೇ ಒಂದು ಕೆಂಪು ಚುಕ್ಕೆ ಕಂಡರೆ ಕೋವಿ ಬೇರೆಯವರ ಮನೆಗೆ ಹೋಗುತ್ತದೆ. ಕೋವಿ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಕಚೇರಿಯ ಹಿಂದಿನ ನಮ್ಮ ಎರಡು ಕೋಣೆಗಳೂ ಹೋದಂತೆ.

ಮಾವನವರ ಕಾಲದಿಂದ ನಮ್ಮಲ್ಲೊಂದು ಕಟ್ಟಳೆ ಇದೆ: ಮದ್ದು ಜಡಿದ ಗಜ ಮನೆಯ ಹೆಂಗಸಿನ ಕೈಗೆ ಬಂದ ಮೇಲೆಯೇ ಕೇಪು ಕೂರಬೇಕು. ಅತ್ತೆ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಕೈ ಚಾಚುತ್ತಾರೆ, ಗಂಡ ಗಜ ಕೊಡುತ್ತಾನೆ, ಆಮೇಲೆ ಢಂ.

ಆವತ್ತು ಅತ್ತೆ ಮೆಟ್ಟಿಲ ಮೇಲಿರಲಿಲ್ಲ. ಕನ್ನಡಕ ಹುಡುಕುತ್ತಿದ್ದರು.

“ನನ್ನ ಕನ್ನಡಕ ನೋಡಿದ್ಯೇನೋ?” ಎಂದು ಕೆಳಗಿನಿಂದ ಕೂಗಿದರು.

“ಮೂಗಿನ ಮೇಲೇ ಇದೆಯಮ್ಮಾ!”

“ಆ?”

“ಮೂಗು! ಮೂಗು ಮುಟ್ಟಿ ನೋಡ್ಕೋ!”

ಅಷ್ಟರಲ್ಲಿ ಗಡಿಯಾರ ಹನ್ನೆರಡು ಹೊಡೆದು ಮುಗಿಸಿತು. ನನ್ನ ಗಂಡ ಗಾಬರಿಯಲ್ಲಿ ಕೇಪು ಕೂರಿಸಿ ಹಾರಿಸಿಬಿಟ್ಟ. ಗಜ ನಳಿಗೆಯಲ್ಲೇ ಇತ್ತು. ಢಂ ಎನ್ನಬೇಕಾದ ಸದ್ದು ಆವತ್ತು ಢುಸ್ಸೆಂದು ಶುರುವಾಗಿ ಠಣ್ಣೆಂದು ಮುಗಿಯಿತು.

ನಾನು ಒಲೆ ಬಿಟ್ಟು ಹೊರಗೆ ಓಡಿದೆ. ಚೌಕದ ಆಚೆ, ಗೋಪುರದ ಗಡಿಯಾರದ ಮುಖದಲ್ಲಿ, ಒಂದರ ಮೇಲೊಂದು ಕೂತಿದ್ದ ಎರಡೂ ಮುಳ್ಳುಗಳನ್ನು ಸೇರಿಸಿ ಚುಚ್ಚಿಕೊಂಡು ನಮ್ಮ ಗಜ ನಿಂತಿತ್ತು. ಸರಿಯಾಗಿ ಹನ್ನೆರಡರ ಮೇಲೆ. ಬೇಕೆಂದು ಗುರಿಯಿಟ್ಟಿದ್ದರೆ ಏಳು ಜನ್ಮಕ್ಕೂ ತಾಗುತ್ತಿರಲಿಲ್ಲ.

ಜನ ತಲೆಯೆತ್ತಿ ನೋಡಿದರು. ಸದ್ದು ಸ್ವಲ್ಪ ಹೆಚ್ಚುಕಡಿಮೆಯಾದರೂ ಸದ್ದು ಸದ್ದೇ ಎಂದುಕೊಂಡು ಊಟಕ್ಕೆ ಕೂತರು.

“ಏನ್ ಮಾಡೋದೀಗ?” ಎಂದ ಗಂಡ, ಖಾಲಿ ಕೋವಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು.

“ನೀನೇನೂ ಮಾಡ್ಬೇಡ. ಮಾಡಿದ್ದೇ ಸಾಕು,” ಎಂದೆ.

ಗಡಿಯಾರದವನು ಗೋಪುರದ ಕೆಳಗಿನ ಬೆಂಚಿನ ಮೇಲೆ ಮುಖಕ್ಕೆ ಟವೆಲು ಮುಚ್ಚಿಕೊಂಡು ಮಲಗಿದ್ದ. ಗೋಪುರದ ಕೀಲಿಕೈ ಅವನ ಸೊಂಟದಲ್ಲಿತ್ತು.

“ಅಣ್ಣಾ, ಬಾಗಿಲು ತೆಗಿ. ನಮ್ಮ ಗಜ ಮೇಲಿದೆ.”

“ಊಟದ ಹೊತ್ತು ಅಲ್ವೇನಕ್ಕಾ. ಒಂದು ಹೊಡೀಲಿ, ತೆಗೀತೀನಿ,” ಎಂದ ಟವೆಲಿನೊಳಗಿಂದ.

“ಒಂದು ಹೇಗೆ ಹೊಡೆಯುತ್ತೆ? ಮುಳ್ಳಿಗೆ ಮೊಳೆ ಹೊಡೆದ ಹಾಗಾಗಿದೆ!”

“ಅದು ಬಿಡುವು ಮುಗಿದ ಮೇಲೆ ನೋಡೋ ವಿಷಯ.”

“ಕೀಲಿ ಕೊಡು, ನಾನೇ ಹತ್ತಿ ತರ್ತೀನಿ.”

“ಕೀಲಿ ಕೊಡೋದೂ ಕೆಲಸಾನೇ ತಾನೇ?” ಎಂದು ಮಗ್ಗುಲು ಬದಲಿಸಿದ.

ಮೇಲ್ವಿಚಾರಕರ ಕೋಣೆಗೆ ಹೋದೆ. ಊಟ ಮುಗಿಸಿ, ಡಬ್ಬಿ ತೊಳೆದು ಬೋರಲು ಹಾಕಿ, ಕೈಕಟ್ಟಿ ಗೋಡೆ ನೋಡುತ್ತ ಕೂತಿದ್ದರು.

“ಸಾರ್, ಗಜ ಇಲ್ಲದೆ ನಳಿಗೆ ತೊಳೆಯೋಕಾಗಲ್ಲ. ಗಡಿಯಾರದವನಿಗೆ ಒಂದು ಮಾತು ಹೇಳಿ.”

“ಬಿಡುವಿನಲ್ಲಿ ನಾನು ಮಾತಾಡಲ್ಲಮ್ಮ. ಈಗ ಮಾತಾಡ್ತಿರೋದೂ ಲೆಕ್ಕಕ್ಕಿಲ್ಲ.”

“ಮತ್ತೆ ಸಂಜೆ ಬಂದು ಚುಕ್ಕೆ ಕಂಡ್ರೆ?”

“ಕೋವಿ ಹೋಗುತ್ತೆ. ನಿಯಮ ನಿಯಮಾನೇ.”

“ಸಂಜೆ ಆಗೋದಾದ್ರೂ ಹೇಗೆ ಸಾರ್, ಗಡಿಯಾರಾನೇ ನಿಂತಿದೆ?”

ಅವರು ಸ್ವಲ್ಪ ಯೋಚಿಸಿದರು. “ಆಗುತ್ತೆ. ದಿನಾ ಆಗ್ತಿತ್ತಲ್ಲ,” ಎಂದರು.

ಮನೆಗೆ ಬಂದರೆ ಗಂಡ ಮನೆಯಲ್ಲಿದ್ದ ಉದ್ದ ಸಾಮಾನನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದ. ಪರದೆಯ ಕೋಲು ನಳಿಗೆಗಿಂತ ದಪ್ಪ. ಕೊಡೆಯ ಕಡ್ಡಿ ಅರ್ಧ ದಾರಿಯಲ್ಲೇ ಮುಗಿಯಿತು. ಪೊರಕೆಯ ಕಡ್ಡಿಗಳನ್ನು ಕಟ್ಟಿ ಇಳಿಸಿದ, ಎರಡು ಒಳಗೇ ಮುರಿದು ಉಳಿದವು. ಅವನ್ನು ಹೊರಗೆ ಬೀಳಿಸಲು ನಳಿಗೆಯನ್ನು ತಲೆಕೆಳಗು ಹಿಡಿದು ಹೊಟ್ಟೆನೋವಿನ ಕೂಸಿಗೆ ತಟ್ಟುವ ಹಾಗೆ ತಟ್ಟಬೇಕಾಯಿತು. “ಮಗಳ ಸ್ಕಿಪ್ಪಿಂಗ್ ಹಗ್ಗ?” ಎಂದ.

“ಹಗ್ಗ ಒಳಗಿಳಿಯುತ್ತೆ, ಉಜ್ಜುತ್ತಾ? ಆ ಕಡೆಯಿಂದ ಎಳೆಯೋಣ ಅಂದ್ರೆ ಬುಡದಲ್ಲಿ ಸೂಜಿ ತೂರೋಷ್ಟೇ ಕಿಂಡಿ.”

“ಬರೀ ಬಿಸಿನೀರು ಹುಯ್ದು ಕುಲುಕಿದ್ರೆ?”

“ಒರೆಸೋದು ಯಾವುದರಲ್ಲಿ, ನಿನ್ನ ನಾಲಗೆಯಲ್ಲಾ? ಒದ್ದೆ ನಳಿಗೆಗಿಂತ ಕೊಳಕು ನಳಿಗೆ ವಾಸಿ.”

ನಳಿಗೆಯ ಬಾಯಿಗೆ ಕಿರುಬೆರಳು ಹಾಕಿ ನೋಡಿದೆ. ಹಾರಿಸಿದಾಗ ಪುಡಿಯಂತಿದ್ದ ಮಸಿ ಆಗಲೇ ಪಸೆ ಕುಡಿದು ಕಾಡಿಗೆಯಾಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಒಳಗೆ ತುಕ್ಕು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಊರಿಗೆಲ್ಲ ಊಟದ ಬಿಡುವು, ತುಕ್ಕಿಗೆ ಮಾತ್ರ ಇಲ್ಲ.

ಬಿಸಿಲು ಗೋಡೆಯಿಂದ ಗೋಡೆಗೆ ಜರುಗಿತು. ಊರು ಉಂಡು ಮುಗಿಸಿತು, ಕೈತೊಳೆಯಿತು, ಆಕಳಿಸಿತು. ಹಸಿವಾದವರು ಇನ್ನೊಮ್ಮೆ ಉಂಡರು. ಹಜಾಮರ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಇನ್ನರ್ಧ ಕೆನ್ನೆಯ ಸೋಪು ಒಣಗಿಸಿಕೊಂಡು ಕೂತಿದ್ದ. ಮಗಳು ಶಾಲೆಯಿಂದ ಕಾಲೆಳೆದುಕೊಂಡು ಬಂದು ಹೊಸಿಲ ಮೇಲೆ ಕುಸಿದಳು.

“ಅಮ್ಮಾ, ಆಟದ ಬಿಡುವು ಮುಗೀತಾನೇ ಇಲ್ಲ. ಆಡಿ ಆಡಿ ಸಾಕಾಯ್ತು. ಮೇಷ್ಟ್ರು ಗಂಟೆ ಕೇಳೋ ತನಕ ಆಡ್ಲೇಬೇಕು ಅಂತಾರೆ. ಎಲ್ಲಾರೂ ಅಳ್ತಿದಾರೆ.”

ಅತ್ತೆ ಅಷ್ಟು ಹೊತ್ತಿಗೆ ಕನ್ನಡಕವನ್ನು ಮೂಗಿನ ಮೇಲೆ ಪತ್ತೆಹಚ್ಚಿದ್ದರು. ನಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು. “ಇನ್ನೂ ತೊಳೀಲಿಲ್ವಾ? ನಿನ್ನ ಮಾವ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ರು,” ಎಂದರು. ನಾನು ಕಿಟಕಿಯ ಬಳಿ ಕರೆದು ಗಡಿಯಾರ ತೋರಿಸಿದೆ. ಕೈಸನ್ನೆಯಲ್ಲೇ ಎಲ್ಲ ಹೇಳಿದೆ: ಗಜ, ಬೀಗ, ಊಟ. ಅತ್ತೆ ಕೋಲು ತಗೊಂಡು ನೆಟ್ಟಗೆ ಕಚೇರಿಗೆ ನಡೆದರು. ನಾನು ಹಿಂದೆ ಓಡಿದೆ.

ಕಚೇರಿಯಲ್ಲಿ ಗುಮಾಸ್ತರೆಲ್ಲ ಮೇಜಿನ ಮೇಲೆ ಗಲ್ಲ ಊರಿ ಕೂತಿದ್ದರು. ಒಂದು ಹೊಡೆಯದೆ ಕೆಲಸವಿಲ್ಲ, ಐದು ಹೊಡೆಯದೆ ಮನೆಯಿಲ್ಲ.

ಅತ್ತೆ ಕೋಲಿನಿಂದ ಮೇಜು ಕುಟ್ಟಿದರು. “ಏನಪ್ಪಾ, ಒಂದು ಹೊಡೆದು ಎಷ್ಟು ಹೊತ್ತಾಯ್ತು! ಇನ್ನೂ ಕೂತೇ ಇದೀರಲ್ಲ?”

ಮೇಲ್ವಿಚಾರಕರು ನಿಧಾನವಾಗಿ ಎದ್ದು ನಿಂತರು. “ಒಂದು ಹೊಡೀತಾ? ಯಾರಿಗೂ ಕೇಳಿಸ್ಲಿಲ್ಲ.”

“ನಂಗೆ ಕೇಳಿಸ್ತು.”

“ನಿಮಗೆ ಕೇಳಿಸ್ತಾ?”

“ಆ?”

“ನಿಮಗೆ! ಕೇಳಿಸ್ತಾ! ಅಂದೆ!”

“ಯಾಕಪ್ಪಾ ಕಿರುಚ್ತೀಯಾ, ನಾನೇನು ಕಿವುಡೀನಾ?”

ಯಾರೂ ನಗಲಿಲ್ಲ. ಮೂಲೆಯ ಗುಮಾಸ್ತನೊಬ್ಬ ಗಂಟಲು ಸರಿಮಾಡಿಕೊಂಡು, “ಸಾರ್, ಈಗ ಇವರು ಹೇಳಿದ ಮೇಲೆ ನಂಗೂ ಕೇಳಿಸಿದ ಹಾಗಿದೆ,” ಎಂದ. ಪಕ್ಕದವನಿಗೂ ಕೇಳಿಸಿತ್ತಂತೆ. ಬಾಗಿಲ ಬಳಿಯವನಿಗೆ ಎರಡು ಸಲ ಕೇಳಿಸಿತ್ತು. ಮಾತು ಬಾಯಿಂದ ಬಾಯಿಗೆ ಚೌಕ ದಾಟಿ ಗೋಪುರ ಮುಟ್ಟಿತು. ಗಡಿಯಾರದವನು ಟವೆಲು ಕೊಡವಿ ಎದ್ದು, “ಮತ್ತೆ? ನನ್ನ ಗಡಿಯಾರ ನಂಗೆ ಕೇಳಿಸ್ದೆ ಇರುತ್ತಾ?” ಎಂದು ಬೀಗ ತೆಗೆದ.

ಅವನ ಹಿಂದೆಯೇ ಮೆಟ್ಟಿಲು ಹತ್ತಿದೆ. ಗಡಿಯಾರದ ಮುಖದ ಪಕ್ಕದ ಕಿಂಡಿ ತೆರೆದು, ಅರ್ಧ ಮೈ ಹೊರಗೆ ಹಾಕಿ, ಹಲ್ಲು ಕಚ್ಚಿ ಎಳೆದ. ಗಜ ಕೀಚೆಂದು ಬಂತು. “ಹಿಡಿ. ಗಡಿಯಾರಕ್ಕೆ ತೂತು ಬಿದ್ದಿದೆ ಅಂತ ಗಂಡನಿಗೆ ಹೇಳು,” ಎಂದ. “ಇನ್ನು ಕಳೆದ ಹೊತ್ತನ್ನೆಲ್ಲ ನಾನು ತಿರುಗಿಸಿ ತುಂಬಬೇಕು. ಮುಂದಕ್ಕೆ ಮಾತ್ರ. ನನ್ನ ಗಡಿಯಾರ ಹಿಂದಕ್ಕೆ ತಿರುಗೋ ಜಾತಿ ಅಲ್ಲ, ತಿರುಗಿಸಿದ್ರೆ ಚಕ್ರದ ಹಲ್ಲು ಉದುರುತ್ತೆ.”

ನಾನು ಕೇಳಲು ನಿಲ್ಲಲಿಲ್ಲ. ಗಜ ನಡುವೆ ಕೊಂಚ ಬಾಗಿತ್ತು. ಮನೆಯ ಮೆಟ್ಟಿಲ ಸಂದಿಗೆ ಕೊಟ್ಟು ಒತ್ತಿ ನೆಟ್ಟಗೆ ಮಾಡಿದೆ. ಗಂಡ ನೀರು ಕುದಿಸಿಟ್ಟಿದ್ದ, ಅಷ್ಟು ಬುದ್ಧಿ ಇತ್ತು. ಮೊದಲ ಎಳೆತಕ್ಕೆ ಬಂದ ಚಿಂದಿಯಲ್ಲಿ ಕಪ್ಪಿನ ನಡುವೆ ಕಂದು ಎಳೆಯೊಂದು ಕಂಡಿತು. ತುಕ್ಕು ಶುರುವಾಗಿತ್ತು. ಉಜ್ಜಿದೆ.

ಅತ್ತ ಗಡಿಯಾರ ಒಂದು ಹೊಡೆಯಿತು, ನಿಜವಾಗಿ. ಹಿಂದೆಯೇ ಎರಡು. ಕಚೇರಿಯವರು ಗಂಟೆಗೆ ತಕ್ಕ ಹಾಗೆ ದಡಬಡ ಕೆಲಸಕ್ಕೆ ಬಿದ್ದರು: ಎರಡಕ್ಕೆ ಕಡತ ಬಿಚ್ಚಿದರು, ಮೂರಕ್ಕೆ ಮುದ್ರೆ ಒತ್ತಿದರು, ನಾಲ್ಕಕ್ಕೆ ನಿಂತಲ್ಲೇ ಚಹಾ ಕುಡಿದು ನಾಲಗೆ ಸುಟ್ಟುಕೊಂಡರು, ಐದಕ್ಕೆ ಕೊಡೆ ಹಿಡಿದು ಸಾಲುಗಟ್ಟಿದರು. ಹಜಾಮರ ಅಂಗಡಿಯಿಂದ ಆ ಅರ್ಧ ಗಡ್ಡದವನು ಎರಡೂ ಕೆನ್ನೆ ನುಣುಪಾಗಿಸಿಕೊಂಡು ಹೊರಬಂದ. ನನ್ನ ನೀರು ಬೂದಿಯಾಯಿತು, ತಿಳಿಯಾಯಿತು. ಒಣ ಚಿಂದಿ, ಇನ್ನೊಂದು ಒಣ ಚಿಂದಿ. ಎರಡನೆಯದು ಕಾಲರಿನ ಬಿಳುಪಿನಲ್ಲೇ ಹೊರಬಂತು. ಎಣ್ಣೆ ಎಳೆದು ಮುಗಿಸುವಾಗ ಮೇಲ್ವಿಚಾರಕರು ಟಾರ್ಚು ಹಿಡಿದು ಬಾಗಿಲಲ್ಲಿದ್ದರು.

ಒಂದು ಕಣ್ಣು ಮುಚ್ಚಿದರು. ಉಸಿರು ಹಿಡಿದು ನೋಡಿದರು. “ಇಲ್ಲೊಂದು ಏನೋ ಇದೆ,” ಎಂದರು.

ಗಂಡ ಗೋಡೆಗೆ ಒರಗಿದ. ನಾನು ಕಣ್ಣಿಟ್ಟು ನೋಡಿದೆ. ಗೀರಿನಲ್ಲಿ ಕೂದಲಿನಷ್ಟು ಸಣ್ಣದೇನೋ ಅಂಟಿತ್ತು. ಚಿಂದಿ ಸುತ್ತಿ ಒಮ್ಮೆ ಗಜ ಆಡಿಸಿ ಎಳೆದೆ. ದಾರದ ಎಳೆ, ಕಾಲರಿನದು. ಅವರು ಮತ್ತೆ ನೋಡಿದರು. ಈ ಸಲ ಎರಡೂ ಕಣ್ಣು ತೆರೆದು ನಿಂತರು.

“ಕನ್ನಡಿ ಹಾಗಿದೆ. ಕೋವಿ ನಿಮ್ಮಲ್ಲೇ ಇರ್ಲಿ,” ಎಂದರು.

ನನಗೆ ಅಲ್ಲೇ ಬಕೆಟ್ಟಿನ ಪಕ್ಕ ಕೂತುಬಿಡೋಣ ಎನ್ನಿಸಿತು. ಕೂತೆ ಕೂಡ. ಆಗ ಗಡಿಯಾರ ಆರೂ ಹೊಡೆಯಿತು, ಗೋಪುರದ ಕಿಂಡಿಯಿಂದ ಗಡಿಯಾರದವನ ದನಿ ಕೇಳಿಸಿತು.

“ಕೈ ತಪ್ಪಿ ಐದು ದಾಟಿ ಮುಂದೆ ಹೋಗ್ಬಿಡ್ತು! ಹಿಂದೆ ತಿರುಗಲ್ಲ! ಇನ್ನೊಂದು ಸುತ್ತು ಹೊಡೆಸ್ತೀನಿ, ಯಾರೂ ಗಾಬರಿ ಆಗ್ಬೇಡಿ!”

ಏಳು ಹೊಡೆಯಿತು. ಎಂಟು. ಕೊಡೆ ಹಿಡಿದ ಸಾಲು ಚೌಕದ ನಡುವೆ ನಿಂತಿತು. ಒಂಬತ್ತು, ಹತ್ತು. ಹನ್ನೊಂದು ಹೊಡೆಯುವಾಗ ಗಂಡ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ, ಎಣ್ಣೆ ಮಿಂಚುವ ನಳಿಗೆಯನ್ನು ನೋಡಿದೆ.

ಹನ್ನೆರಡು ಹೊಡೆಯಿತು.

ಮೇಲ್ವಿಚಾರಕರು ಟಾರ್ಚನ್ನು ಜೇಬಿಗೆ ಹಾಕಿ, ಗಂಟಲು ಸರಿಮಾಡಿಕೊಂಡರು. “ಅದೆಲ್ಲಾ ಸರಿ. ಹನ್ನೆರಡಾಯ್ತಲ್ಲ, ಕೋವಿ ಯಾಕೆ ಇನ್ನೂ ಹಾರಿಲ್ಲ?”

ಗಂಡ ಮದ್ದಿನ ಡಬ್ಬಿಗೆ ಓಡಿದ. ಎಣ್ಣೆಯ ಮೇಲೆ ಮದ್ದು ಹಾಕಿದರೆ ಹೊತ್ತುವುದಿಲ್ಲವೆಂದು ನಾನು ಹಚ್ಚಿದ ಎಣ್ಣೆಯನ್ನು ನಾನೇ ಒಣ ಚಿಂದಿಯಿಂದ ಒರೆಸಿ ತೆಗೆದು, ನಳಿಗೆಯನ್ನು ಮರದ ಹಿಡಿಗೆ ಕೂರಿಸಿ ಕೊಟ್ಟೆ. ಅವನು ಮಾಳಿಗೆ ಹತ್ತಿ ಮದ್ದು ಸುರಿದ, ಗಜ ಇಳಿಸಿ ಜಡಿದ. ಮೆಟ್ಟಿಲ ಮೇಲೆ ಅತ್ತೆ ಕನ್ನಡಕ ಒತ್ತಿಕೊಂಡು ಕೂತಿದ್ದರು, ಕೈ ಚಾಚಿ.

“ಮೊದಲು ಗಜ ಕೊಡೋ,” ಎಂದರು.

ಕೊಟ್ಟ. ಅತ್ತೆ ಅದನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ನನ್ನ ಕೈಗೆ ದಾಟಿಸಿದರು. ನಾನು ಎರಡೂ ಕೈಯಲ್ಲಿ ಹಿಡಿದು ಎತ್ತಿ ತೋರಿಸಿದೆ. ಆಮೇಲೆ ಕೇಪು. ಆಮೇಲೆ ಢಂ, ಹಳೇ ಢಂ, ತುಂಬು ಢಂ.

ಚೌಕದಲ್ಲಿ ಸಾಲು ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನರಳಿದರು. ಆಮೇಲೆ ಒಬ್ಬೊಬ್ಬರಾಗಿ ಕೊಡೆ ಮಡಚಿ ಮತ್ತೆ ಊಟಕ್ಕೆ ಕೂತರು.

ನಾನು ಒಲೆಯ ಮೇಲೆ ನೀರಿಟ್ಟೆ. ಮಗಳು ಮೊಣಕಾಲವರೆಗೂ ಆಟದ ಮಣ್ಣು ಮೆತ್ತಿಕೊಂಡು ಪಕ್ಕದಲ್ಲಿ ಬಂದು ನಿಂತಳು.

“ಅಮ್ಮಾ, ನನ್ನ ಸ್ನಾನ?”

“ಕೋವಿದು ಆಗ್ಲಿ ಕಂದಾ,” ಎಂದೆ.